ಬೆಟ್ಟದಿಂದ ತಂದದ್ದೋ, ಅಡುಗೆಮನೆಯಲ್ಲಿ ಬೇಯಿಸಿದ್ದೋ

“ನೀವೇ ಅಲ್ವಾ... ಕೋಕ್‌ಬುಲಾಕ್?”

ಹಿಂದಿನಿಂದ ಬಂದ ದನಿಗೆ ಮೀರಿಮ್ ಕೂಡಲೇ ತಿರುಗಲಿಲ್ಲ. ಮೊದಲು ಮುಖಕ್ಕೊಂದು ನಗು ತಂದುಕೊಂಡಳು, ಆಮೇಲೆ ತಿರುಗಿದಳು.

ಎದುರಿಗೆ ನಿಂತಿದ್ದವನು ಕುಬಾತ್. ಫೋಟೋದಲ್ಲಿ ಕಂಡಿದ್ದಕ್ಕಿಂತ ಎತ್ತರ. ಹಿಮದ ಬಿಸಿಲಿಗೆ ಮೂಗಿನ ತುದಿ ಸುಲಿದಿತ್ತು. ಕೈಯಲ್ಲಿ ಬೂರ್ಸೋಕ್ ಎಂಬ ಕರಿದ ಬಿಸಿ ರೊಟ್ಟಿತುಂಡುಗಳು ತುಂಬಿದ ತಟ್ಟೆ. ಕಣ್ಣಲ್ಲಿ ಎಂಥ ಸಂತೋಷ! ಕಾದು ಕಾದು ಸಾಕಾದವನಿಗೆ ಕೊನೆಗೂ ಬಸ್ಸು ಸಿಕ್ಕಂತಿತ್ತು.

‘ಇದೇ ಬಾಯಿ ತಾನೇ ನನ್ನ ಹೆಸರನ್ನು ಬೀದಿಗೆ ತಂದದ್ದು? ನಗು ಮಹಾರಾಯ, ಚೆನ್ನಾಗಿ ನಗು. ಊಟದ ಹೊತ್ತಿಗೆ ಈ ನಗು ಎಲ್ಲಿರುತ್ತೆ ನೋಡೋಣ.’

“ನಾನೇ ಅಂತ ಹೇಗೆ ಗೊತ್ತಾಯ್ತು?” ಎಂದಳು.

“ಗೋಡೆ ಮೇಲಿನ ಭೂಪಟದಲ್ಲಿ ತಪ್ಪು ಹುಡುಕ್ತಾ ನಿಂತಿದ್ರಿ. ಇನ್ಯಾರು ಇರ್ತಾರೆ?”

ಅವಳಿಗೆ ನಗು ಬಂದೇಬಿಟ್ಟಿತು. ಈ ಸಲ ತಂದುಕೊಂಡ ನಗುವಲ್ಲ, ನಿಜವಾದದ್ದು. ತನ್ನ ಮೇಲೇ ಅವಳಿಗೆ ಕೆಟ್ಟ ಸಿಟ್ಟು ಬಂತು.

ಅವನು ತಟ್ಟೆ ಮುಂದೆ ಹಿಡಿದ. ಅವಳು ಒಂದು ಬೂರ್ಸೋಕ್ ತೆಗೆದುಕೊಂಡಳು. ಕೊಲ್ಲಬೇಕೆಂದು ಬಂದ ಮನೆಯಲ್ಲೂ ರೊಟ್ಟಿ ಬೇಡ ಎನ್ನುವ ಜನ ನಾವಲ್ಲ.

ಕರಾಕೋಲ್ ಊರಿನ ಆ ಅತಿಥಿಗೃಹದ ಅಂಗಳದಲ್ಲಿ ಅಂದು ‘ಅರಿವಿನ ಗುಡಾರ’ದವರು ಮೊದಲ ಬಾರಿಗೆ ಮುಖಾಮುಖಿ ಸೇರಿದ್ದರು. ಅದೊಂದು ಆನ್‌ಲೈನ್ ಗುಂಪು. ವಿಜ್ಞಾನದ ಬಗ್ಗೆ ಕಿರ್ಗಿಜ್ ಭಾಷೆಯಲ್ಲೇ ಮಾತಾಡಬೇಕು ಎಂದು ಬುರುಲ್ಚಾ ಎಜೆ ಕಟ್ಟಿದ್ದು. ಎಜೆ ಎಂದರೆ ಅಕ್ಕ. ಜೀವಶಾಸ್ತ್ರದ ಟೀಚರಾಗಿ ನಿವೃತ್ತರಾದ ಆ ಹೆಂಗಸು ಗುಂಪಿಗೆಲ್ಲ ಅಕ್ಕ. ಅವರ ಕಟ್ಟಳೆಗಳು ಮನೆಯ ಕಟ್ಟಳೆಗಳಂತೆಯೇ ಇದ್ದವು. ಒಳಗೆ ಬಂದ ಕೂಡಲೇ ಸಲಾಂ ಹೇಳಬೇಕು. ಯಾರ ಮಾತನ್ನಾದರೂ ಅಲ್ಲಗಳೆಯುವ ಮುಂಚೆ ಕ್ಷೇಮ ವಿಚಾರಿಸಬೇಕು. ಹಿರಿಯರ ಮಾತನ್ನು ಎಲ್ಲರೆದುರು ಕತ್ತರಿಸಕೂಡದು.

ಆ ಕೊನೆಯ ಕಟ್ಟಳೆಯೇ ಮೀರಿಮ್‌ಳ ಬದುಕನ್ನು ತಿಂದದ್ದು.

ಆಗ ಅವಳು ಬಿಷ್ಕೆಕ್‌ನ ಒಂದು ಸಂಶೋಧನಾ ಕೇಂದ್ರದಲ್ಲಿ ಕಾಸಿಮ್‌ಬೆಕ್ ಅಗಾಯ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದಳು. ಅಗಾಯ್ ಎಂದರೆ ಗುರುಗಳು. ಹಿಮನದಿ ಎಂದೊಡನೆ ಎಲ್ಲರೂ ಹೇಳುವ ಹೆಸರು ಅವರದು. ಮಂಜುಗಡ್ಡೆಯಲ್ಲಿ ನೆಟ್ಟ ಕೋಲುಗಳನ್ನು ಅಳೆದು, ಎಷ್ಟು ಕರಗಿದೆ ಎಂದು ಬರೆದು ತರುವುದು ಅವಳ ಕೆಲಸ. ಹಿಮನದಿಯ ಕೆಳಭಾಗದ ಕೋಲುಗಳೆಲ್ಲ, ಸುತ್ತಲ ಮಂಜುಗಡ್ಡೆ ಕರಗಿ, ಹೆದರಿಕೆಯಾಗುವಷ್ಟು ಹೊರಗೆ ಕಾಣುತ್ತಿದ್ದವು. ಅವಳು ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟಳು. ಹಿಮನದಿ ಗಟ್ಟಿಯಾಗಿದೆ ಎಂದು ಹಿಂದೆಯೇ ಬರೆದಿದ್ದ ಅಗಾಯ್ ಅವರಿಗೆ ಅದು ರುಚಿಸಲಿಲ್ಲ. ಕೆಳಗಿನ ಕೋಲುಗಳ ಅಳತೆಯನ್ನೆಲ್ಲ ಕಿತ್ತು, ಉಳಿದದ್ದನ್ನು ಅವಳ ಹೆಸರಲ್ಲೇ ಗುಂಪಿನಲ್ಲಿ ಹಾಕಿಸಿದರು.

ತಾನೂ ಹಿಮನದಿ ಅಳೆಯುತ್ತಿದ್ದ ಕುಬಾತ್ ಅಂದು ಸಂಜೆಯೇ ಬರೆದ: “ಸಲಾಂ. ಕ್ಷೇಮವೇ, ಮೀರಿಮ್ ಅವರೇ? ಈ ಅಂಕಿಗಳನ್ನು ಬೆಟ್ಟದಿಂದ ತಂದದ್ದೋ, ಅಡುಗೆಮನೆಯಲ್ಲಿ ಬೇಯಿಸಿದ್ದೋ?”

ಗುಂಪು ನಕ್ಕಿತು. ಹೊಗೆಯಾಡುವ ಪಾತ್ರೆಗಳ ಚಿತ್ರಗಳು ಸಾಲುಸಾಲಾಗಿ ಬಂದವು. ಅಗಾಯ್ ದೊಡ್ಡ ಮನಸ್ಸಿನವರಂತೆ ಬರೆದರು: ಹುಡುಗಿ ಚಿಕ್ಕವಳು, ನಾನು ತಿದ್ದುತ್ತೇನೆ. ತಿದ್ದಿದ್ದು ಹೇಗೆಂದರೆ, ಮುಂದಿನ ತಿಂಗಳು ಅವಳ ಕೆಲಸ ಹೋಯಿತು. ಮಾತಾಡಿಟ್ಟಿದ್ದ ಸಂಬಂಧವೂ ಸದ್ದಿಲ್ಲದೆ ತಣ್ಣಗಾಯಿತು. ಕೊನೆಗೆ ನಾರಿನ್ ಕಡೆಯ ಒಂದು ಶಾಲೆಯಲ್ಲಿ ಭೂಗೋಳ ಹೇಳಿಕೊಡಲು ಸೇರಿದಳು. ಅಲ್ಲೂ ಯಾರೋ ಬೋರ್ಡಿನ ಮೇಲೆ ಪಾತ್ರೆಯ ಚಿತ್ರ ಬರೆದಿದ್ದರು.

ಗುರುಗಳ ವಿರುದ್ಧ ಅವಳು ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ನಂಬುವವರಾರು? ಅಷ್ಟಕ್ಕೂ ಗುರುವಿಗೆ ಎದುರಾಡುವುದನ್ನು ಅವಳಿಗೆ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಮೇಲಕ್ಕೆ ಹೋಗಲಾರದ ಸಿಟ್ಟೆಲ್ಲ ಒಂದೇ ಹೆಸರಿನ ಮೇಲೆ ಬಂದು ಕೂತಿತು. ಕುಬಾತ್!

‘ಇವನಿಗೂ ಒಂದು ದಿನ ಬರಲಿ. ಎಲ್ಲರೆದುರು, ಇದೇ ಮಾತು, ಇದೇ ನಗು.’

ಹೆಸರು ಬದಲಿಸಿಕೊಂಡು, ಕೋಕ್‌ಬುಲಾಕ್ ಎಂದು ಅವಳು ಮತ್ತೆ ಗುಂಪಿಗೆ ಸೇರಿದಳು. ಅವನು ಬರೆದದ್ದನ್ನೆಲ್ಲ ಹೇನು ಹುಡುಕುವಂತೆ ಓದಿದಳು. ಸಣ್ಣಪುಟ್ಟ ಲೆಕ್ಕ ತಿದ್ದಿ ಕಳಿಸಿದಳು. ಅವನು ಕೋಪಿಸಿಕೊಳ್ಳಲಿಲ್ಲ, ಥ್ಯಾಂಕ್ಸ್ ಹೇಳಿದ. ಆಮೇಲೆ ದಿನಾ ಮಾತು. ಹಿಮನದಿಯ ಫೋಟೋ ಕಳಿಸುವನು, ತಪ್ಪನ್ನು ಎಲ್ಲರೆದುರು ಹೇಳುವುದು ನ್ಯಾಯವೋ ಗುಟ್ಟಾಗಿ ಹೇಳುವುದು ನ್ಯಾಯವೋ ಎಂದು ವಾದಕ್ಕೆ ಕೂರುವನು, ಚಳಿ ಜಾಸ್ತಿ, ಒಲೆಗೆ ಸೌದೆ ಇದೆಯಾ ಎಂದು ಕೇಳುವನು. ಅವನ ಸಂದೇಶ ತಡವಾದ ದಿನ ಅವಳಿಗೆ ಕೈ ಓಡುತ್ತಿರಲಿಲ್ಲ. ‘ಇದು ಬೇಟೆಯ ಆತುರ, ಅಷ್ಟೇ’ ಎಂದು ತನಗೆ ತಾನೇ ಹೇಳಿಕೊಂಡಳು. ಎಷ್ಟು ಸಲ ಹೇಳಿಕೊಂಡಳೋ!

ಕೊನೆಗೆ ಬೇಟೆ ತಾನಾಗಿ ಬಲೆಗೆ ಬಿತ್ತು. ಕಳೆದ ಬೇಸಿಗೆ ಮಂಜು ಮುಸುಕಿದ ದಿನ ಎರಡು ಕೋಲುಗಳ ಅಳತೆಯನ್ನು ಅದಲುಬದಲು ಬರೆದಿರಬಹುದೆಂದು ಅವನಿಗೆ ಅನುಮಾನವಂತೆ. ಲೇಖನ ಪ್ರಕಟವಾಗಿಹೋಗಿದೆ. ಮತ್ತೊಮ್ಮೆ ಹತ್ತಿ ನೋಡಿ, ಖಚಿತವಾದ ಮೇಲೆ ಎಲ್ಲರಿಗೂ ಹೇಳುತ್ತೇನೆ, ಸದ್ಯ ನಿಮಗೊಬ್ಬರಿಗೇ ಹೇಳಿದ್ದು ಎಂದು ಬರೆದಿದ್ದ.

ಮೀರಿಮ್ ಫೋನನ್ನು ಬೋರಲು ಹಾಕಿ ನಕ್ಕಳು. ಆಮೇಲೆ ಯಾಕೋ ಅವಳಿಗೆ ಊಟ ಸೇರಲಿಲ್ಲ.

ಮಧ್ಯಾಹ್ನ ದೊಡ್ಡ ಗುಡಾರದೊಳಗೆ ಎಲ್ಲರೂ ಕೂತರು. ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಕಾಸಿಮ್‌ಬೆಕ್ ಅಗಾಯ್, ಪಕ್ಕದಲ್ಲಿ ಚಹಾ ಬಗ್ಗಿಸುತ್ತಾ ಬುರುಲ್ಚಾ ಎಜೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲಿದ್ದ ಫೋನು ಸಭೆಯನ್ನು ಗುಂಪಿನ ಸಾವಿರಾರು ಜನರಿಗೆ ನೇರವಾಗಿ ತೋರಿಸುತ್ತಿತ್ತು. ಚರ್ಚೆಯ ವಿಷಯ: ಸತ್ಯ ದೊಡ್ಡದೋ, ಮರ್ಯಾದೆ ದೊಡ್ಡದೋ. ಅದು ಮುಗಿದ ಮೇಲೆ ಎಜೆ ಗುಂಪಿನ ಹೊಣೆಯನ್ನು ಕುಬಾತ್‌ಗೆ ವಹಿಸುವವರಿದ್ದರು. ಕಣ್ಣು ಮಂಜಾಗಿದೆ, ನನ್ನ ಕೈಲಿ ಇನ್ನಾಗದು ಎಂದು ಅವರು ಮೊದಲೇ ತಿಳಿಸಿದ್ದರು.

ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದುಂಟೇ?

ಮೀರಿಮ್ ಎದ್ದು ನಿಂತಳು. ಸಲಾಂ ಹೇಳಿದಳು. ಕುಬಾತ್‌ನ ಕ್ಷೇಮವನ್ನೂ ವಿಚಾರಿಸಿದಳು. ಅವನು ನಗುತ್ತಾ ತಲೆಯಾಡಿಸಿದ.

“ನಿಮ್ಮ ಹೋದ ವರ್ಷದ ಲೇಖನದಲ್ಲಿ ಎರಡು ಕೋಲುಗಳ ಅಳತೆ ಅದಲುಬದಲಾಗಿದೆ. ಅದು ನಿಮಗೂ ಗೊತ್ತು. ಗೊತ್ತಿದ್ದೂ ಸುಮ್ಮನಿದೀರಿ.” ಅವಳ ದನಿ ನಡುಗಲಿಲ್ಲ. “ಆ ಅಂಕಿಗಳನ್ನ ಬೆಟ್ಟದಿಂದ ತಂದದ್ದೋ, ಅಡುಗೆಮನೆಯಲ್ಲಿ ಬೇಯಿಸಿದ್ದೋ? ನಾನು ಕೋಕ್‌ಬುಲಾಕ್ ಅಲ್ಲ. ನಾನು ಮೀರಿಮ್.”

ಅವನ ಮುಖದಿಂದ ನಗು ಹೋಯಿತು. ಎಷ್ಟು ಕಾಲದಿಂದ ಅವಳು ಈ ನೋಟಕ್ಕೆ ಕಾದಿದ್ದಳು! ಕಂಡಳು... ಆದರೆ ಅದರಲ್ಲಿ ಅವಳಂದುಕೊಂಡ ಸವಿ ಇರಲಿಲ್ಲ. 

‘ಈಗ ಹೇಳ್ತಾನೆ, ನಂಬಿ ಹೇಳಿದ್ದನ್ನ ಬೀದಿಗೆ ಹಾಕಿದಳು ಅಂತ. ಹೇಳಲಿ. ನಾನೂ ಅದಕ್ಕೆ ಸಿದ್ಧ.’

ಅವನು ಹಾಗೆ ಹೇಳಲಿಲ್ಲ.

“ಹೌದು, ತಪ್ಪಾಗಿರಬೇಕು,” ಎಂದ. “ಅನುಮಾನ ಬಂದ ದಿನವೇ ಇಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅದನ್ನೂ ಹೇಳಿಬಿಡ್ತೀನಿ.”

ಅವನು ಗೌರವದ ಜಾಗದ ಕಡೆ ತಿರುಗಿದ. 

“ಅಗಾಯ್, ಮೀರಿಮ್ ಅವರ ಲೆಕ್ಕದಿಂದ ಕೆಳಗಿನ ಕೋಲುಗಳ ಅಳತೆ ಕಿತ್ತುಹಾಕಿದವರು ನೀವು. ನಾನು ನಿಮ್ಮ ಮನೆಯಲ್ಲಿ ಉಂಡು ಓದಿದವನು, ನಿಮ್ಮ ಕೈವಾಡ ಕಂಡರೆ ನನಗೆ ಗೊತ್ತಾಗುತ್ತೆ. ನಿಮಗೆ ನೇರವಾಗಿ ಹೇಳೋ ಧೈರ್ಯ ಬರಲಿಲ್ಲ. ನಿಮಗೆ ಕೇಳಿಸಲಿ ಅಂತ ಆ ಹುಡುಗಿಗೆ ಬೈದೆ.”

 ನಮ್ಮಲ್ಲಿ ಇದು ಹೊಸದೇನಲ್ಲ. ಅತ್ತೆಯ ಮೇಲಿನ ಕೋಪವನ್ನು ಮಗುವಿನ ಮೇಲೆ ತೋರಿಸುವ ಸೊಸೆಯನ್ನು ಎಲ್ಲ ಮನೆಯಲ್ಲೂ ಕಂಡಿದ್ದೇವೆ. ದೊಡ್ಡವರು ತಿಳಿದುಕೊಂಡು ತಿದ್ದಿಕೊಳ್ಳುತ್ತಾರೆ, ಚಿಕ್ಕವರಿಗೆ ನೋವಾಗುವುದಿಲ್ಲ ಎಂಬ ನಂಬಿಕೆಯಲ್ಲಿ ನಡೆಯುವ ವ್ಯವಹಾರ ಅದು. ಈ ಸಲ ದೊಡ್ಡವರು ತಿಳಿಯದವರಂತೆ ಕೂತುಬಿಟ್ಟರು, ಚಿಕ್ಕವಳು ಸರ್ವನಾಶವಾದಳು.

“ಅವರ ಕೆಲಸ ಹೋದಾಗಲಾದರೂ ಬಾಯಿ ಬಿಡಬೇಕಿತ್ತು,” ಕುಬಾತ್ ಮುಂದುವರಿಸಿದ. “ಹೇಡಿತನಕ್ಕೆ ಮರ್ಯಾದೆ ಅಂತ ಹೆಸರಿಟ್ಟುಕೊಂಡು ಕೂತೆ. ಅವರ ಅಳತೆ ಸರಿಯಿತ್ತು.”

ಕಾಸಿಮ್‌ಬೆಕ್ ಅಗಾಯ್ ಗಡ್ಡ ನೀವಿಕೊಂಡರು. ಈಗಿನ ಹುಡುಗರು ಮಾತು ಕಲಿತಿದ್ದಾರೆ, ನಡತೆ ಕಲಿತಿಲ್ಲ, ಮಾಂಸ ಆರಿಹೋಗುವ ಮುಂಚೆ ಬಡಿಸಿ ಎಂದರು.

ಬುರುಲ್ಚಾ ಎಜೆ ಅಗಾಯ್ ಅವರ ಬಟ್ಟಲನ್ನು ತೆಗೆದುಕೊಂಡು, ಅಂಚಿನವರೆಗೆ, ಇನ್ನೊಂದು ಹನಿ ಹಿಡಿಯದಷ್ಟು ಚಹಾ ತುಂಬಿ ಅವರ ಮುಂದಿಟ್ಟರು. ಇರಲಿ ಎಂದು ನಾವು ಬಯಸುವ ಅತಿಥಿಗೆ ಬಟ್ಟಲನ್ನು ಅರ್ಧವೇ ತುಂಬುತ್ತೇವೆ, ಮತ್ತೆ ಮತ್ತೆ ಬಗ್ಗಿಸಬಹುದಲ್ಲ. ತುಂಬಿ ಕೊಟ್ಟರೆ ಕುಡಿದು ಹೊರಡಿ ಎಂದರ್ಥ. ಅಗಾಯ್ ಆ ಬಟ್ಟಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕುಡಿಯದೆಯೇ ಎದ್ದು, ಟೋಪಿ ಸರಿಮಾಡಿಕೊಂಡು ಹೊರಗೆ ನಡೆದರು.

ಮೀರಿಮ್ ಅದನ್ನು ಕಣ್ಣು ತುಂಬ ನೋಡಿದಳು. ಸುಳ್ಳೇಕೆ, ಅವಳಿಗೆ ತುಂಬ ಖುಷಿಯಾಯಿತು!

ಅಷ್ಟರಲ್ಲಿ ಮೂಲೆಯಿಂದ ಯಾರೋ ಕೇಳಿದರು, ಕೋಲುಗಳ ತಪ್ಪು ಇವರಿಗೆ ಹೇಗೆ ಗೊತ್ತಾಯಿತು ಎಂದು. ಮೀರಿಮ್ ಕುಬಾತ್‌ನತ್ತ ನೋಡಿದಳು.

“ಅಂಕಿ ಓದೋಕೆ ಬರೋರಿಗೆ ಗೊತ್ತಾಗುತ್ತೆ,” ಎಂದ ಕುಬಾತ್, ಅವಳತ್ತ ನೋಡದೆ.

ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅಂಗಳದ ಏಪ್ರಿಕಾಟ್ ಮರದ ಕೆಳಗಿನ ಬೆಂಚಿನಲ್ಲಿ ಅವಳು ಕೂತಿದ್ದಳು. ಗೆದ್ದವಳಂತೆ ಕಾಣುತ್ತಿರಲಿಲ್ಲ.

‘ನಾನು ಮಾಡಿದ್ದೇನು? ಅಗಾಯ್ ಮೇಲಿನ ಸಿಟ್ಟನ್ನು ಇವನ ಮೇಲೆ ತಂದು ಹಾಕಿದೆ. ಗುರುವನ್ನು ಮುಟ್ಟೋ ಧೈರ್ಯ ನನಗೂ ಇರಲಿಲ್ಲ. ಇವನು ನನಗೆ ಮಾಡಿದ್ದನ್ನೇ ನಾನು ಇವನಿಗೆ ಮಾಡಿದೆ... ಅದೂ ಸ್ನೇಹದ ಮುಖ ಹಾಕಿಕೊಂಡು.’

ಕುಬಾತ್ ಹೊರಗೆ ಬಂದು ಸ್ವಲ್ಪ ದೂರದಲ್ಲಿ ನಿಂತ. ಹತ್ತಿರ ಬರಲು ಅನುಮತಿ ಬೇಕೇನೋ ಎಂಬಂತೆ.

“ಸುಳ್ಳು ಯಾಕೆ ಹೇಳಿದ್ರಿ?” ಅವಳು ಕೇಳಿದಳು. “ನಂಬಿ ಹೇಳಿದ್ದನ್ನ ಇವಳು ಹರಾಜು ಹಾಕಿದಳು ಅನ್ನಬಹುದಿತ್ತು.”

“ಈಗಷ್ಟೇ ನಿಮ್ಮ ಹೆಸರು ನಿಮಗೆ ವಾಪಸ್ ಬಂದಿತ್ತು. ಮತ್ತೆ ಕಿತ್ಕೊಳ್ಳೋಕೆ ನನಗೆ ಮನಸ್ಸು ಬರಲಿಲ್ಲ.”

“ನನಗೆ ನಿಮ್ಮ ದಯೆ ಬೇಡ.”

“ದಯೆ ಅಲ್ಲ ಅದು.”

ಅವಳು ಫೋನ್ ತೆಗೆದಳು.  ಗುಂಪಿನಲ್ಲಿ, ತನ್ನ ಸ್ವಂತ ಹೆಸರಿನಲ್ಲಿ ಬರೆದಳು: “ಸಲಾಂ. ಆ ತಪ್ಪನ್ನು ನಾನು ಕಂಡುಹಿಡಿದದ್ದಲ್ಲ. ಕುಬಾತ್ ನಂಬಿ ನನಗೊಬ್ಬಳಿಗೇ ಹೇಳಿದ್ದರು. ಸೇಡು ತೀರಿಸಿಕೊಳ್ಳಲು ನಾನು ಅದನ್ನು ಸಭೆಗೆ ತಂದೆ. ಅದು ಸರಿಯಲ್ಲ. ಮೀರಿಮ್.” ಕಳಿಸಿ, ಪರದೆಯನ್ನು ಅವನತ್ತ ತಿರುಗಿಸಿದಳು.

ಅವನು ಓದಿದ. ಎರಡನೇ ಸಲವೂ ಓದಿದ. ಕಣ್ಣು ಒರೆಸಿಕೊಂಡ.

“ನಗ್ತಾರೆ ಜನ,” ಎಂದ.

“ನಗಲಿ. ಈ ಸಲ ನಿಜಕ್ಕೆ ನಗ್ತಾರೆ, ತಡ್ಕೋತೀನಿ.” ಅವಳು ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಕೂತಳು. “ನಿಮ್ಮನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ.”

“ಇಲ್ಲ. ನಾನೂ ಸ್ವಲ್ಪ ದಿನ ಸಿಟ್ಟು ಮಾಡ್ಕೋತೀನಿ. ನೀವು ಕೋಕ್‌ಬುಲಾಕ್ ಅಂತ ನಂಬಿದ್ದೆ... ನಾನು ರಾತ್ರಿ ಮಲಗೋ ಮುಂಚೆ ನಿಮ್ಮ ಮಾತು ಇನ್ನೊಂದ್ಸಲ ಓದ್ತಿದ್ದೆ.”

ಅವಳು ತಲೆ ತಗ್ಗಿಸಿದಳು. ತಾನೂ ಓದುತ್ತಿದ್ದೆ ಎಂದು ಹೇಳುವ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ.

ಅವನು ಬಂದು ಕೂತ. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ.

“ಹಿಮ ಕರಗಿದ ಮೇಲೆ ಆ ಕೋಲುಗಳನ್ನ ಮತ್ತೆ ಅಳೀಬೇಕು,” ಅವಳೇ ಮಾತು ತೆಗೆದಳು. “ನಾನೂ ಬರ್ತೀನಿ. ನೀವು ಒಬ್ಬರೇ ಹೋದ್ರೆ ಮತ್ತೆ ಅದಲುಬದಲು ಮಾಡ್ತೀರಿ.”

“ತಪ್ಪು ನಿಜ ಅಂತಾದ್ರೆ?”

“ಬರೀತೀನಿ. ಎಲ್ಲರೆದುರು.”

“ಅಳತೆ ಸರಿ ಇದ್ರೆ?”

“ಅದನ್ನೂ ಬರೀತೀನಿ. ಎಲ್ಲರೆದುರು.”

ಅವನು ತನ್ನ ಅಂಗೈ ನೋಡಿಕೊಂಡ.

“ಇನ್ನೊಂದು ವಿಷಯ ಇದೆ. ಇವತ್ತು ಇಲ್ಲಿ ಕೋಕ್‌ಬುಲಾಕ್‌ಗೆ ಹೇಳಬೇಕು ಅಂತ ಬಂದಿದ್ದೆ. ಈಗ ಮೀರಿಮ್‌ಗೂ ಅದನ್ನೇ ಹೇಳಬೇಕು ಅನಿಸ್ತಿದೆ.”

ಅವಳ ಕಿವಿ ಕೆಂಪಾಯಿತು. ನಡುವಿನ ಜಾಗ ಯಾವಾಗ ಚಿಕ್ಕದಾಯಿತೋ, ಸರಿದವರು ಯಾರೋ ಗೊತ್ತಾಗಲಿಲ್ಲ.

“ಅದನ್ನ ಮಾತ್ರ ಗುಂಪಲ್ಲಿ ಹಾಕ್ಬೇಡಿ,” ಎಂದಳು ಮೆಲ್ಲಗೆ. “ನನಗೊಬ್ಬಳಿಗೇ ಹೇಳಿ. ಈ ಸಲ ಯಾರಿಗೂ ಹೇಳಲ್ಲ.”

ಅವನು ಹೇಳಿದ. ತೊದಲಿದ, ಅರ್ಧಕ್ಕೆ ನಿಲ್ಲಿಸಿದ, ಮತ್ತೆ ಮೊದಲಿಂದ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು, ಎಲ್ಲೂ ತಿದ್ದಲಿಲ್ಲ.