ತೋಟಕ್ಕೆ ನುಗ್ಗಿದ್ದು ಯಾರ ದನ?

ಬೆಳಗ್ಗೆ ಯಜಮಾನರು ತೋಟಕ್ಕೆ ಕಾಲಿಟ್ಟಾಗ ಸೀಬೆ ಸಸಿಗಳಲ್ಲಿ ಒಂದೂ ನೆಟ್ಟಗೆ ನಿಂತಿರಲಿಲ್ಲ. ಕೆಲವು ಬುಡಕ್ಕೇ ಮುರಿದಿದ್ದವು, ಕೆಲವಕ್ಕೆ ಎಲೆಯೇ ಇರಲಿಲ್ಲ. ಹಿಂದಿನ ಸಂಜೆ ನೀರು ಬಿಟ್ಟಿದ್ದ ಕೆಂಪು ಮಣ್ಣಿನ ತುಂಬ ಗೊರಸಿನ ಗುರುತು. ಹುಲ್ಲುಗಾವಲಿನ ಕಡೆಯ ತಂತಿ ಬೇಲಿಯನ್ನು ಯಾರೋ ಕತ್ತರಿಸಿ ಮಡಚಿಟ್ಟಿದ್ದರು.

ಪೊಲೀಸರಿಗೆ ಫೋನ್ ಮಾಡುವ ಮೊದಲು ಯಜಮಾನರು ಇನ್ನೊಂದು ಕೆಲಸ ಮಾಡಿದರು. ಹುಲ್ಲುಗಾವಲಿನ ಗೇಟಿಗೆ ಸರಪಳಿ ಸುತ್ತಿ ಬೀಗ ಜಡಿದರು. ಆಮೇಲೆ ಬೀದಿಯಲ್ಲಿ ನಿಂತು, ನಾಲ್ಕು ಮನೆಯವರು ಹೊರಗೆ ಬರುವ ಹಾಗೆ ಕೂಗಿದರು: "ಕಳ್ಳಿ! ಬೇಲಿ ಕತ್ತರಿಸಿ ನನ್ನ ತೋಟ ಮೇಯಿಸಿದ್ಲು!"

ಇನ್ಸ್‌ಪೆಕ್ಟರ್ ಮೇಡಂ ದಫೇದಾರರ ಜೊತೆ ಜೀಪಿನಿಂದ ಇಳಿದಾಗ ಗೇಟಿನ ಒಳಗಡೆ ಒಬ್ಬ ಹೆಂಗಸು ಕಂಬಿ ಹಿಡಿದು ನಿಂತಿದ್ದಳು. ಯಜಮಾನರ ಹುಲ್ಲುಗಾವಲನ್ನು ಗುತ್ತಿಗೆಗೆ ಪಡೆದು, ಅಲ್ಲೇ ಹಸು ಕಟ್ಟಿಕೊಂಡು, ಆ ಬೀದಿಗೆಲ್ಲ ಹಾಲು ಕೊಡುವವಳು. ಎಲ್ಲರಿಗೂ ಅವಳು ಹಾಲಿನಕ್ಕ. ಹಿಂದೆ ಅವಳ ಹಸುಗಳು, ಪಕ್ಕದಲ್ಲಿ ಬಿಸಿಲಿಗೆ ಕಾಯುತ್ತಿದ್ದ ಹಾಲಿನ ಕ್ಯಾನುಗಳು.

"ಮೇಡಂ, ನನ್ನನ್ನ ಆಮೇಲೆ ವಿಚಾರಿಸಿ. ಮೊದಲು ಗೇಟು ತೆಗೆಸಿ. ಡೇರಿ ವ್ಯಾನು ಬಂದು ನಿಂತಿದೆ, ಹಾಲು ಒಡೆದುಹೋಗತ್ತೆ!"

ಮೇಡಂ ಯಜಮಾನರ ಮುಂದೆ ಕೈ ಚಾಚಿದರು. "ಬೀಗದ ಕೈ."

"ಆದ್ರೆ ಮೇಡಂ, ಅವಳೇ—"

"ಬೀಗದ ಕೈ ಕೇಳ್ದೆ."

ಠಾಣೆಯಲ್ಲಿ ಮೇಡಂಗೆ ಬೆನ್ನ ಹಿಂದೆ ಇದ್ದ ಹೆಸರು ಹಸಿಮೆಣಸಿನಕಾಯಿ. ಆ ಹೆಸರಿಟ್ಟವರು ದಫೇದಾರರೇ. ಈಗ ಅದೇ ಮೆಣಸಿನಕಾಯಿ ಅವರ ಕಡೆ ತಿರುಗಿ, "ಕ್ಯಾನು ಹೊರಿ ದಫೇದಾರರೇ," ಅಂದಿತು. ಹಾಲಿನಕ್ಕನ ಗಂಡ ಒಂದು ಕ್ಯಾನು ಎತ್ತಿಕೊಂಡ, ದಫೇದಾರರು ಇನ್ನೊಂದು. ಕುತ್ತಿಗೆಯವರೆಗೆ ತುಂಬಿದ್ದ ಕ್ಯಾನು. ವ್ಯಾನಿನವರೆಗೆ ಹೋಗಿ ಬಂದು ಹೋಗಿ ಬಂದು ಅವರ ನಡು ಹಿಡಿದುಕೊಂಡಿತು. ಪಿಂಚಣಿಗೆ ಹತ್ತಿರ ಬಂದವನಿಗೆ ಇದೂ ಒಂದು ಯೋಗ ಎಂದು ಗೊಣಗುತ್ತ ಅವರು ಕ್ಯಾಪಿನಿಂದ ಬೆವರು ಒರೆಸಿಕೊಂಡರು.

"ಈಗ ಹೇಳಿ," ಅಂದರು ಮೇಡಂ.

"ಹೇಳೋದೇನಿದೆ? ನನ್ನ ಹಸು ಕೊಟ್ಟಿಗೆ ಬಿಟ್ಟು ಅಲ್ಲಾಡಿಲ್ಲ. ಕೊಟ್ಟಿಗೆ ಬಾಗಿಲಿಗೆ ಅಡ್ಡಲಾಗಿ ನಾನೇ ಮಲಗ್ತೀನಿ. ನನ್ನ ಮೈ ದಾಟಿ ಹೋಗ್ತಾವಾ?" ಹಾಲಿನಕ್ಕ ಯಜಮಾನರ ಕಡೆ ಕೈ ತೋರಿಸಿದಳು. "ಈ ಜಾಗ ಕೊಟ್ಟಾಗ ಇಲ್ಲಿ ಏನಿತ್ತು ಕೇಳಿ ಅವರನ್ನ. ಬರೀ ಮುಳ್ಳು! ನಾನೂ ನಮ್ಮೋರೂ ಕೈಯಲ್ಲಿ ಕಿತ್ತು, ಹುಲ್ಲು ಬಿತ್ತಿ, ಒಂದು ಕಡೆ ಮೇಯಿಸಿದ್ರೆ ಇನ್ನೊಂದು ಕಡೆ ಬಿಟ್ಟು ಕಾಪಾಡಿದ್ವಿ. ಈಗ ಹಸಿರಾಯ್ತು ನೋಡಿ, ಎಲ್ಲರ ಕಣ್ಣೂ ಇದರ ಮೇಲೆ."

"ಗುತ್ತಿಗೆಯ ಕರಾರು ಏನು?"

ಉತ್ತರ ಕೊಟ್ಟವರು ಯಜಮಾನರು. "ಗುತ್ತಿಗೆಯವಳ ದನ ಒಂದೇ ಒಂದು ಸಲ ತೋಟಕ್ಕೆ ಕಾಲಿಟ್ರೂ ಗುತ್ತಿಗೆ ಮುಗೀತು. ಒಪ್ಪಿ ಹೆಬ್ಬೆಟ್ಟು ಒತ್ತಿದಾಳೆ. ಸಂಜೆಯೊಳಗೆ ದನ ಹೊಡ್ಕೊಂಡು ಹೋಗ್ಲಿ."

"ಎಲ್ಲಿಗೆ?" ಅಂದಳು ಹಾಲಿನಕ್ಕ.

"ಅದು ನನ್ನ ತಲೆನೋವಲ್ಲ."

ದಫೇದಾರರಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಮುಳ್ಳಿದ್ದಾಗ ಭೂಮಿ ಅವಳದ್ದು, ಹುಲ್ಲಾದಾಗ ಇವರದ್ದು! ನ್ಯಾಯ ಅನ್ನುವುದು ಇವರ ಮನೆಯ ಚಾಪೆಯೇ, ಬೇಕಾದಾಗ ಹಾಸಿ ಬೇಡವಾದಾಗ ಸುತ್ತಿಡಲು? ಆದರೆ ಮೇಡಂ ಮುಖದಲ್ಲಿ ಏನೂ ಕಾಣಲಿಲ್ಲ. ಅವರು ತೋಟಕ್ಕೆ ನಡೆದರು.

ಅಲ್ಲಿ ಯಜಮಾನರ ಅಳಿಯ ಕಾಯುತ್ತಿದ್ದ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಫೋನು. ಮದುವೆಯಾದಾಗಿನಿಂದ ಮಾವನ ಮನೆಯಲ್ಲೇ ಇದ್ದು, ಮಾವನ ಆಸ್ತಿಯನ್ನು ಹೇಗೆ ಬೆಳೆಸಬೇಕೆಂದು ಮಾವನಿಗೇ ಹೇಳಿಕೊಡುವವನು.

"ನೋಡಿ ಮೇಡಂ, ಫೋಟೋ ಎಲ್ಲ ತೆಗೆದಿಟ್ಟಿದೀನಿ. ಇಲ್ಲಿ ದೊಡ್ಡ ಗೊರಸು. ಪಕ್ಕದಲ್ಲೇ ಚಿಕ್ಕದು, ಕರುವಿನದು. ಇಡೀ ಸಂಸಾರಾನೇ ನುಗ್ಗಿಸಿದಾಳೆ!"

ಮೇಡಂ ಕುಕ್ಕರುಗಾಲಿನಲ್ಲಿ ಕೂತು ನೋಡಿದರು. ನಿಜ. ಪ್ರತಿ ಸಸಿಯ ಹತ್ತಿರವೂ ತಾಯಿಯ ಗೊರಸಿಗೆ ಅಂಟಿಕೊಂಡ ಹಾಗೆ ಕರುವಿನ ಗೊರಸು.

"ಕರುಗಳೂ ಬಂದಿವೆ. ನಿಮಗೆ ಆಶ್ಚರ್ಯ ಅನ್ನಿಸ್ಲಿಲ್ವಾ?"

"ಯಾಕೆ ಆಶ್ಚರ್ಯ? ತಾಯಿ ಹೋದಲ್ಲಿ ಕರು ಹೋಗತ್ತೆ. ಇದಕ್ಕೂ ಪೊಲೀಸ್ ಬುದ್ಧಿ ಬೇಕಾ?" ಅಳಿಯ ನಕ್ಕ.

ಮೇಡಂ ನಗಲಿಲ್ಲ. "ಹುಲ್ಲುಗಾವಲು ಖಾಲಿಯಾದ್ರೆ ಏನು ಮಾಡ್ತೀರಿ?"

"ಗೋದಾಮು ಕಟ್ಟೋರು ಕೇಳ್ತಿದಾರೆ. ಒಳ್ಳೇ ಪಾರ್ಟಿ. ಆದ್ರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ನಾನು ಇದೆ ಅಂದ್ನಾ?"

ಯಜಮಾನರ ಜಗಲಿಯಲ್ಲಿ ಎಲ್ಲರೂ ಕೂತರು. ಅವರ ಹೆಂಡತಿ ತಟ್ಟೆಯಲ್ಲಿ ಚಹಾ ತಂದರು. ನಡು ನೋವಿಗೆ ಒಂದು ಲೋಟ ಗಟ್ಟಿ ಚಹಾ ಸಿಗುತ್ತದಲ್ಲ ಎಂದು ದಫೇದಾರರು ಕೈ ಚಾಚಿದರೆ, ಲೋಟದಲ್ಲಿದ್ದದ್ದು ಮಸಿಯಂಥ ಕಪ್ಪು ನೀರು. ಇಷ್ಟು ದೊಡ್ಡ ಮನೆ, ಹಿಂದೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಹಸು. ಪೊಲೀಸರಿಗೆ ಮಾತ್ರ ಹಾಲಿಲ್ಲ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂದಹಾಗಾಯಿತು. ಅವರ ಮುಖ ಸಿಂಡರಿಸಿದ್ದನ್ನು ಅಮ್ಮಾವ್ರು ಕಂಡರು.

"ಬೇಜಾರು ಮಾಡ್ಕೋಬೇಡಿ. ಇವತ್ತು ಹಸುಗಳಿಗೆ ಏನಾಯ್ತೋ, ಕೆಚ್ಚಲಲ್ಲಿ ಒಂದು ಹನಿ ಇಲ್ಲ. ಆಳು ಬೇರೆ ರಜ. ಪಶುವೈದ್ಯರಿಗೆ ಹೇಳಿ ಕಳಿಸಿದೀವಿ."

"ಹೊರಗೆ ಮೇಯೋಕೆ ಹೋಗಿ ಏನಾದ್ರೂ ತಿಂದ್ವಾ?" ಮೇಡಂ ಕೇಳಿದರು.

"ಛೇ!" ಅಂದರು ಯಜಮಾನರು. "ನಮ್ಮ ದನ ಕೊಟ್ಟಿಗೆ ಬಿಟ್ಟು ಹೊರಗೆ ಹೋಗೋದೇ ಇಲ್ಲ. ಕಟ್ಟಿದ ಕಡೆಗೇ ಹುಲ್ಲು."

ಮೇಡಂ ಆ ಕಪ್ಪು ಚಹಾವನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. "ಕೊಟ್ಟಿಗೆ ನೋಡೋಣ."

ಕೊಟ್ಟಿಗೆಯಲ್ಲಿ ಹಸುಗಳು ಮೆಲುಕು ಹಾಕುತ್ತಿದ್ದವು. ಮೂಲೆಯಲ್ಲಿ ಬೇರೆಯಾಗಿ ಕಟ್ಟಿದ್ದ ಕರುಗಳು ಹೊಟ್ಟೆ ಡೊಳ್ಳಾಗಿ, ಕಾಲು ಚಾಚಿ ನಿದ್ದೆ ಮಾಡುತ್ತಿದ್ದವು. ಮೇಡಂ ಒಂದು ಹಸುವಿನ ಕಾಲು ತಡವಿ ಗೊರಸಿನ ಸಂದಿಗೆ ಬೆರಳು ಹಾಕಿದರು. ಬೆರಳಿಗೆ ಕೆಂಪು ಮಣ್ಣು ಹತ್ತಿತು. ಕೊಟ್ಟಿಗೆಯ ನೆಲ ಕಲ್ಲುಹಾಸು.

"ಎಲ್ಲರೂ ಗೇಟಿನ ಹತ್ರ ಬನ್ನಿ," ಅಂದರು ಅವರು.

ಬೀದಿಯ ಜನ ಇನ್ನೂ ಅಲ್ಲೇ ಇದ್ದರು. ಬಿಟ್ಟಿ ನಾಟಕವನ್ನು ಅರ್ಧಕ್ಕೆ ಬಿಟ್ಟು ಹೋಗುವವರು ಯಾರು?

"ದಫೇದಾರರೇ, ಬೆಳಗ್ಗೆ ಕ್ಯಾನು ಹೊತ್ರಲ್ಲ, ಎಷ್ಟು ಭಾರ ಇತ್ತು?"

"ಕೇಳ್ಬೇಡಿ ಮೇಡಂ. ತುಂಬಿ ತುಳುಕ್ತಿತ್ತು."

"ಸಾಕ್ಷಿ ನಿಮ್ಮ ಹೆಗಲ ಮೇಲೇ ಇತ್ತು. ನಿಮಗೆ ಭಾರ ಆಯ್ತೇ ಹೊರತು ಅರ್ಥ ಆಗ್ಲಿಲ್ಲ."

ಮೇಡಂ ಯಜಮಾನರ ಹೆಂಡತಿಯ ಕಡೆ ತಿರುಗಿದರು.

"ಅಮ್ಮಾವ್ರೇ, ರಾತ್ರಿ ಕರುಗಳನ್ನ ಯಾಕೆ ಬೇರೆ ಕಟ್ತೀರಿ?"

"ಇನ್ಯಾಕೆ? ತಾಯಿ ಹತ್ರ ಬಿಟ್ರೆ ರಾತ್ರಿಯೆಲ್ಲ ಕುಡಿದು—" ಅಮ್ಮಾವ್ರ ಮಾತು ಅಲ್ಲಿಗೇ ನಿಂತಿತು. ಅವರು ನಿಧಾನವಾಗಿ ಅಳಿಯನ ಕಡೆ ತಿರುಗಿದರು.

"ಕುಡಿದು ಬೆಳಗ್ಗೆ ಹಿಂಡೋಕೆ ಏನೂ ಉಳಿಸಲ್ಲ," ಮೇಡಂ ಮುಗಿಸಿದರು. "ತೋಟಕ್ಕೆ ನುಗ್ಗಿದ ಹಸುಗಳ ಪಕ್ಕದಲ್ಲೇ ಕರುಗಳಿದ್ವು. ಫೋಟೋ ಇದೆ, ಇವರೇ ತೆಗೆದಿದ್ದು. ಅಂದ್ರೆ ಆ ಹಸುಗಳಿಗೆ ಇವತ್ತು ಹಾಲಿಲ್ಲ. ಹಾಲಿನಕ್ಕನ ಕ್ಯಾನು ತುಂಬಿತ್ತು. ಹಾಲಿಲ್ಲದ ಚಹಾ ನಾನು ಕುಡಿದಿದ್ದು ಯಾರ ಮನೇಲಿ? ಹೊರಗೇ ಹೋಗದ ದನದ ಗೊರಸಿಗೆ ತೋಟದ ಮಣ್ಣು ಬಂದಿದ್ದು ಎಲ್ಲಿಂದ?"

ಯಜಮಾನರ ಬಾಯಿ ತೆರೆದೇ ಇತ್ತು. "ನಾನು... ನನಗೆ ಗೊತ್ತೇ ಇಲ್ಲ..."

"ಗೊತ್ತಿಲ್ಲ, ಒಪ್ತೀನಿ. ಕೊಟ್ಟಿಗೇಲಿ ಬೆಳೆದ ನೀವಾಗ್ಲಿ, ದಿನಾ ಹಾಲು ಹಿಂಡೋ ಅಮ್ಮಾವ್ರಾಗ್ಲಿ ಕರು ಬಿಚ್ತಿರಲಿಲ್ಲ. ಬೆಳಗ್ಗೆ ಸಿಕ್ಕಿಬೀಳ್ತೀವಿ ಅಂತ ಗೊತ್ತಿರ್ತಿತ್ತು. ಹಾಲು ಕುಡಿದೇ ಗೊತ್ತಿದ್ದು ಹಿಂಡಿ ಗೊತ್ತಿಲ್ಲದವನು ಈ ಮನೇಲಿ ಒಬ್ಬನೇ. ತಾಯಿ ಹೋದಲ್ಲಿ ಕರು ಹೋಗತ್ತೆ ಅಂದ್ರಲ್ಲ ಅಳಿಯಂದಿರೇ? ಆಳಿಗೆ ರಜ ಕೊಟ್ಟಿದ್ದು ಯಾರು?"

"ಅಳಿಯಂದ್ರೇ," ಅಂದರು ಅಮ್ಮಾವ್ರು, ಸಣ್ಣ ದನಿಯಲ್ಲಿ.

ಅಳಿಯನ ಮುಖದ ಇಸ್ತ್ರಿ ಮುರಿಯಿತು. "ಹಸು ಹೊರಗೆ ಹೊಡೆದಾಗ ಕರು ಕೂಗ್ತಿದ್ವು... ಮನೆ ಎದ್ದುಬಿಡತ್ತೆ ಅಂತ ಬಿಚ್ಚಿದೆ." ಮರುಕ್ಷಣವೇ ಅವನು ಸೆಟೆದುಕೊಂಡ. "ಏನೀಗ? ನಮ್ಮ ತೋಟ, ನಮ್ಮ ದನ. ಯಾರಿಗೇನು ನಷ್ಟ?"

"ಯಾರಿಗೇನು ನಷ್ಟವಾ!" ಕೂಗಿದವರು ದಫೇದಾರರು. ತಮ್ಮ ದನಿ ಅಷ್ಟು ಜೋರಿದೆ ಎಂದು ಅವರಿಗೇ ಗೊತ್ತಿರಲಿಲ್ಲ. "ಸಂಜೆಗೆ ಅವಳು ದನ ಹೊಡ್ಕೊಂಡು ಬೀದಿಗೆ ಬೀಳ್ತಿದ್ಲಲ್ರೀ! ಮುಳ್ಳು ಕಿತ್ತ ಕೈಗೆ ಕಳ್ಳಿ ಅನ್ನೋ ಹೆಸರು ಕಟ್ಟಿದ್ರಲ್ರೀ!"

ಮೇಡಂ ಅವರನ್ನು ತಡೆಯಲಿಲ್ಲ. ಅಳಿಯನಿಗೆ ಜೀಪು ತೋರಿಸಿದರು. "ಸುಳ್ಳು ಸಾಕ್ಷಿ ಹುಟ್ಟಿಸಿದ್ದು ಯಾಕೆ ಅಂತ ಠಾಣೇಲಿ ಹೇಳಿ. ನಿಮ್ಮ ಫೋನೂ ಕೊಡಿ."

ಯಜಮಾನರು ಗಂಟಲು ಸರಿಮಾಡಿಕೊಂಡು ಹಾಲಿನಕ್ಕನ ಹತ್ತಿರ ಬಂದರು. "ಆಗಿದ್ದು ಆಗೋಯ್ತಮ್ಮ. ನೀನು ಎಲ್ಲಿಗೂ ಹೋಗ್ಬೇಡ. ಇದ್ದ ಹಾಗೇ ಇರು, ಆಯ್ತಾ?" ಅಂದು ಮನೆಯ ಕಡೆ ತಿರುಗಿದರು.

"ನಿಲ್ಲಿ," ಅಂದಳು ಹಾಲಿನಕ್ಕ.

ಅವಳು ಗೇಟು ದಾಟಿ ಬೀದಿಗೆ ಬಂದಳು. "ನಾನು ಇರೋದು ನಿಮ್ಮ ದಯದಿಂದ ಅಲ್ಲ, ಕರಾರಿನಿಂದ. ನನ್ನ ದನ ತೋಟಕ್ಕೆ ಕಾಲಿಡಲಿಲ್ಲ. ಅದಿರ್ಲಿ. ಬೆಳಗ್ಗೆ ಇಲ್ಲೇ ನಿಂತು, ಇವರೆಲ್ಲರ ಮುಂದೆ, ನನ್ನ ಏನಂದ್ರಿ?"

ಯಜಮಾನರು ನೆಲ ನೋಡಿದರು. ಏನೋ ಗೊಣಗಿದರು. ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು.

"ಕೇಳಿಸ್ಲಿಲ್ಲ," ಅಂದಳು ಅವಳು. "ಬೆಳಗ್ಗೆ ನಾಲ್ಕು ಮನೆಗೆ ಕೇಳಿಸಿತ್ತು."

ಜೀಪಿನ ಬಾಗಿಲಿಗೆ ಕೈಯಿಟ್ಟಿದ್ದ ಮೇಡಂ ಅಲ್ಲೇ ನಿಂತರು. ದಫೇದಾರರು ಕ್ಯಾಪು ಸರಿಮಾಡಿಕೊಂಡರು. ಬೀದಿಯಲ್ಲಿ ಒಬ್ಬರೂ ಮನೆಗೆ ಹೋಗಲಿಲ್ಲ. ಯಜಮಾನರು ಮತ್ತೆ ಒಂದು ಸಲ ಬಾಯಿ ತೆರೆದರು. ಈ ಸಲ ಎಲ್ಲರಿಗೂ ಕೇಳಿಸಿತು.

"ಅವಳು ಕಳ್ಳಿ ಅಲ್ಲ."