ಕೆಂಪು ಚೆಂಡು ಎಲ್ಲಿತ್ತು?

"ಅದು... ಅಲ್ಲಿ... ಇರ್ಲಿಲ್ಲ!"

ಹಾಜಿರಾಳ ಮಾತು ಪೂರ್ತಿ ಹೊರಗೆ ಬರುವಷ್ಟರಲ್ಲಿ ಚಪ್ಪಾಳೆ ಶುರುವಾಗಿತ್ತು. ಯಾವಾಗಲೂ ಹೀಗೇ, ಅವಳ ಮಾತು ಮುಗಿಯುವವರೆಗೂ ಯಾರೂ ಕಾಯುವುದಿಲ್ಲ! ಅವಳಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿ, ಮಾತು ನಿಧಾನ. ಆದರೆ ಕಣ್ಣು ಬಲು ಚುರುಕು. ಅಂಪೈರ್ ಆಗಿದ್ದ ರಾಮಲಿಂಗಯ್ಯ ಮೇಷ್ಟ್ರು ಅಳತೆ ಟೇಪ್ ಹಿಡಿದು ಬಗ್ಗುವ ನೆಪದಲ್ಲಿ, ಬೂಟಿನ ತುದಿಯಿಂದ ಅವಳ ಕೆಂಪು ಚೆಂಡನ್ನು ಮುಂದಕ್ಕೆ ತಳ್ಳಿದ್ದನ್ನು ಅವಳು ನೋಡಿಬಿಟ್ಟಿದ್ದಳು.

ಆಟದ ಹೆಸರು ಬೋಚಿಯಾ. ಕುರ್ಚಿಯಲ್ಲಿ ಕೂತೇ ಚೆಂಡು ಎಸೆಯಬೇಕು. ಬಿಳಿ ಚೆಂಡಿಗೆ ಯಾರ ಚೆಂಡು ಹತ್ತಿರವೋ ಅವರಿಗೆ ಪಾಯಿಂಟ್. ಎದುರಾಳಿ, ರಾಮನಗರದ ಇದ್ರೀಸನ ನೀಲಿ ಚೆಂಡು ಗೇಣು ದೂರದಲ್ಲಿತ್ತು. ಹಾಜಿರಾಳ ಕೊನೇ ಚೆಂಡು ಮೊಳ ದೂರದಲ್ಲೇ ನಿಂತುಬಿಟ್ಟಿತ್ತು.

ಅದಕ್ಕೆ ಕಾರಣ ಅಬ್ಬಾ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಖಲಂದರ್, ಮಗಳ ಪ್ರಾಕ್ಟೀಸಿಗೆಂದು ಮರದ ಚೆಂಡು ಕಡೆದು, ಅರಗಿನ ಬಣ್ಣ ಹಚ್ಚಿ, ಮುಖ ಕಾಣುವಷ್ಟು ಹೊಳಪು ಕೊಟ್ಟಿದ್ದರು. ಮುಟ್ಟಿದರೆ ಸಾಕು, ಗೋಡೆವರೆಗೂ ಓಡುತ್ತಿತ್ತು. ಹಾಗಾಗಿ ಅವಳಿಗೆ ಮೆಲ್ಲಗೆ ಎಸೆದೇ ರೂಢಿ. ಇವತ್ತು ಮೊದಲ ಮ್ಯಾಚ್. ಇಲ್ಲಿನ ಮೆತ್ತನೆಯ ಚರ್ಮದ ಚೆಂಡು ಅಷ್ಟು ಸುಲಭಕ್ಕೆ ಉರುಳಲಿಲ್ಲ.

"ರೆಡ್ ವಿನ್ನರ್!" ಎಂದು ಕೂಗಿದರು ಮೇಷ್ಟ್ರು. "ಪಾಪ, ಮಗೀಗೆ ಎಷ್ಟು ಖುಸಿ ಆಗೈತೆ ನೋಡ್ರಪ್ಪ!"

ಖುಷಿಯಂತೆ! ಹಾಜಿರಾಗೆ ಮೈಯೆಲ್ಲ ಉರಿಯುತ್ತಿತ್ತು. ಮೇಷ್ಟ್ರು ಮೆಡಲ್ ತಂದಾಗ ಅವಳು ಗದ್ದವನ್ನು ಎದೆಗೆ ಒತ್ತಿಕೊಂಡಳು.

"ಹಾಕಿಸ್ಕೊಳವ್ವ, ನಾಚ್ಕೋಬ್ಯಾಡ."

"ಸಾರ್... ನೀವು... ಕಾಲಲ್ಲಿ... ತಳ್ಳುದ್ರಿ."

ಅಬ್ಬಾ ಓಡಿಬಂದರು. "ಬುಡು ಬೇಟಾ. ಸಾರು ಪ್ರೀತಿಯಿಂದ ಮಾಡವ್ರೆ."

"ಬುಡಲ್ಲ!" ಆ ಮಾತು ಮಾತ್ರ ಒಂದೇ ಏಟಿಗೆ ಬಂತು. "ನಾನು... ಸೋತೋದೆ. ಚೆಂಡು... ವಾಪಸ್ ಇಡಿ."

ಮೇಷ್ಟ್ರ ಮುಖ ಸಪ್ಪಗಾಯಿತು. ಬಗ್ಗಿ ಚೆಂಡನ್ನು ಹಿಂದಕ್ಕೆ ಸರಿಸಿದರು. "ಇಲ್ಲಿಗಾ?"

"ಇನ್ನೂ... ಹಿಂದೆ."

"ಇಲ್ಲಿಗಾ?"

"ಇನ್ನೂ ಒಸಿ."

ಒಂದು ಬೆರಳಷ್ಟೂ ಬಿಟ್ಟುಕೊಡಲಿಲ್ಲ ಹುಡುಗಿ. ಕೊನೆಗೆ ಮೇಷ್ಟ್ರು ಎದ್ದು ನಿಂತು, "ಬ್ಲೂ ವಿನ್ನರ್" ಎಂದರು.

"ಅಮ್ಮೀ! ನಾನ್ ಗೆದ್ದೆ!"

ಇದ್ರೀಸ್ ವೀಲ್‌ಚೇರ್ ಅಲುಗಾಡುವಂತೆ ಕಿರುಚಿದ. ಅವನ ಎರಡೂ ಕೈ ಎತ್ತೆತ್ತಲೋ ಹಾರಿದವು.

ಹಾಜಿರಾ ಅವನನ್ನೇ ನೋಡಿದಳು. ಆಗಲೂ ಇವನು ಇಲ್ಲೇ ಇದ್ದ. ಎಲ್ಲರೂ ಅವಳಿಗೆ ಚಪ್ಪಾಳೆ ಹೊಡೆಯುವಾಗ ತಲೆ ತಗ್ಗಿಸಿ ಕೂತಿದ್ದ. ಒಬ್ಬರೂ ಅವನ ಕಡೆ ನೋಡಿರಲಿಲ್ಲ. ಅಷ್ಟು ಸಿಟ್ಟಿನಲ್ಲಿದ್ದ ತಾನೂ ನೋಡಿರಲಿಲ್ಲ.

ಅವಳು ಚಪ್ಪಾಳೆ ಹೊಡೆಯಲು ಕೈ ಎತ್ತಿದಳು. ಬಿಗಿದುಕೊಂಡ ಅಂಗೈಗಳು ಒಂದು ಸಲ ತಪ್ಪಿದವು, ಇನ್ನೊಂದು ಸಲ ತಪ್ಪಿದವು.

ಇದ್ರೀಸ್ ಅವಸರ ಮಾಡಲಿಲ್ಲ. ಅವು ಕೂಡುವವರೆಗೂ ಕಾದ.