ಕ್ಯಾಪ್ಟನ್‌ಗೆ ಹುಟ್ಟಿದ ತಮ್ಮ

“ಇದು ನಂದಲ್ಲ. ನನ್ನ ತಮ್ಮಂದು,” ಎಂದ ಶಾಲೆಯ ಫುಟ್‌ಬಾಲ್ ಟೀಮಿನ ಕ್ಯಾಪ್ಟನ್.

ಹೇಳುವ ಮೊದಲು ಅವನು ಬೀದಿಯ ಕಡೆ ಎರಡು ಸಲ ತಿರುಗಿ ನೋಡಿದ. ಆಮೇಲೆ ಬಟ್ಟೆ ಚೀಲದೊಳಗಿಂದ ಒಂದು ಆಟದ ರೈಲು ಎಂಜಿನ್ ತೆಗೆದು ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟ. ಹಸಿರು ಬಣ್ಣ, ಒಂದು ಗೇಣು ಉದ್ದ, ಹಣೆಯ ಮೇಲೆ ಪುಟ್ಟ ದೀಪ.

ಮೇಜಿನ ಆಚೆ ಸ್ಟೂಲಿನ ಮೇಲೆ ಕೂತಿದ್ದವಳು ಪಿಟೀಲು. ಅವಳ ನಿಜವಾದ ಹೆಸರು ಇದ್ದದ್ದು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ. ಮಾತು ಶುರು ಮಾಡಿದರೆ ನಿಲ್ಲಿಸದೆ ಪಿಟೀಲು ಕುಯ್ಯುತ್ತಾಳೆ ಅಂತ ಅಜ್ಜಿ ಇಟ್ಟ ಹೆಸರು, ಮನೆಯಿಂದ ಬೀದಿಗೆ, ಬೀದಿಯಿಂದ ಏಳನೇ ಕ್ಲಾಸಿಗೆ ಬಂದು ಕೂತುಬಿಟ್ಟಿತ್ತು. ಅಪ್ಪ ಒಳಗೆ ಯಾರದೋ ಫ್ಯಾನ್ ಬಿಚ್ಚುತ್ತಿದ್ದರು. ರಿಪೇರಿಗೆ ಬಂದ ವಸ್ತುಗಳಿಗೆ ಚೀಟಿ ಬರೆದು ಅಂಟಿಸುವುದು ಪಿಟೀಲಿನ ಸಂಜೆ ಕೆಲಸ.

“ಏನಾಗಿದೆ ಇದಕ್ಕೆ?”

“ದೀಪ ಹತ್ತುತ್ತೆ. ಗುರ್ ಅನ್ನುತ್ತೆ. ಓಡಲ್ಲ.”

ಪಿಟೀಲು ಬರೆದುಕೊಂಡಳು. “ಗಿರಾಕಿ ಹೆಸರು?”

“ನನ್ನ ಹೆಸರು ನಿಂಗೆ ಗೊತ್ತಿಲ್ವಾ?”

“ನಿಂದಲ್ಲ ಅಂದ್ಯಲ್ಲ. ತಮ್ಮನ ಹೆಸರು ಹೇಳು.”

ಕ್ಯಾಪ್ಟನ್ ಬಾಯಿ ತೆರೆದ. ಮುಚ್ಚಿದ. ಅವನ ಕಣ್ಣು ಗೋಡೆ ಹತ್ತಿ, ಚಾವಣಿಗೆ ಹೋಗಿ, ಅಲ್ಲಿ ನೇತಾಡುತ್ತಿದ್ದ ಬಲ್ಬಿನ ಮೇಲೆ ನಿಂತಿತು.

“ಬಲ್... ಬಬ್ಲು,” ಎಂದ.

“ವಯಸ್ಸು?”

“ನಾಲ್ಕು. ಅಲ್ಲ, ಐದು.”

“ನಾಲ್ಕೂವರೆ ಅಂತ ಹಾಕ್ಲಾ?”

“ರೈಲು ರಿಪೇರಿಗೆ ವಯಸ್ಸು ಯಾಕೆ?” ಎಂದು ಗುರುಗುಟ್ಟಿ, ಕ್ಯಾಪ್ಟನ್ ಹೊರಟೇ ಹೋದ.

ಅವನು ತಿರುವು ದಾಟುವವರೆಗೂ ಪಿಟೀಲು ತುಟಿ ಕಚ್ಚಿ ಹಿಡಿದಿದ್ದಳು. ಆಮೇಲೆ ಮೇಜಿಗೆ ಹಣೆ ಹಚ್ಚಿ ನಕ್ಕಳು. ಕ್ಯಾಪ್ಟನ್ ಅಮ್ಮ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. ಸ್ಟ್ಯಾಂಪ್ ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದರು: “ನಂಗಿರೋದು ಒಬ್ಬನೇ ಮಗ. ತಿನ್ನೋದು ಮಾತ್ರ ಹತ್ತು ಮಕ್ಕಳಷ್ಟು!”

ಬೇರೆ ಯಾರಾದರೂ ಆಗಿದ್ದರೆ ಪಿಟೀಲು ಅಷ್ಟಕ್ಕೇ ಬಿಡುತ್ತಿದ್ದಳೋ ಏನೋ. ಆದರೆ ಹೋದ ವಾರವಷ್ಟೇ ಕ್ಲಾಸಿನಲ್ಲಿ ಒಂದು ಘಟನೆ ನಡೆದಿತ್ತು.

ಮಿಸ್ ಪತ್ರಿಕೆಯಲ್ಲಿ ಏನೋ ಓದಿಕೊಂಡು ಬಂದಿದ್ದರು. “ಈಗ ಎಲ್ಲರ ಕೈಯಲ್ಲೂ ಫೋನು. ನಿಮ್ಮ ವಯಸ್ಸಿನವರು ಯಾರಾದ್ರೂ ಇನ್ನೂ ಆಟದ ಸಾಮಾನು ಇಟ್ಕೊಂಡು ಆಡ್ತೀರಾ? ಕೈಯೆತ್ತಿ ನೋಡೋಣ,” ಎಂದಿದ್ದರು.

ಪಿಟೀಲಿನ ಕೈ ಅರ್ಧಕ್ಕೆ ಎದ್ದಿತ್ತು. ಅವಳ ಮಂಚದ ಕೆಳಗೆ ಶೂ ಡಬ್ಬದಲ್ಲಿ ಬೋಲ್ಟು, ನಟ್ಟು, ತಂತಿಗಳಿಂದ ಮಾಡಿದ ಹದಿನಾರು ಜನರ ಒಂದು ಸಂಸಾರವೇ ಇತ್ತು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಕ್ಯಾಪ್ಟನ್ ಎದ್ದು ನಿಂತ. “ಆಟಿಕೆ ಎಲ್ಲ ಬೇಬಿಗಳಿಗೆ ಮಿಸ್! ನಮ್ಗೆ ಫೋನಲ್ಲಿ ಗೇಮ್ ಇದೆಯಲ್ಲ,” ಎಂದ. ಇಡೀ ಕ್ಲಾಸು ಹೋ ಎಂದು ನಕ್ಕಿತು. ಪಿಟೀಲು ಅರ್ಧ ಎತ್ತಿದ್ದ ಕೈಯನ್ನು ತಲೆಗೆ ತಂದು, ಹೇನು ಇದ್ದವಳ ಹಾಗೆ ಪರಪರ ಕೆರೆದುಕೊಂಡಿದ್ದಳು.

ಈಗ ಆ ಬೇಬಿ ತಾನಾಗಿಯೇ ಬಲೆಗೆ ಬಿದ್ದಿತ್ತು.

ಮರುದಿನ ಊಟದ ಬಿಡುವಿನಲ್ಲಿ, ಕ್ಯಾಪ್ಟನ್ ಗೆಳೆಯರೆಲ್ಲ ಸುತ್ತ ಇರುವಾಗ ನೋಡಿ, ಪಿಟೀಲು ಜೋರಾಗಿ ಕೇಳಿದಳು, “ಬಬ್ಲು ಹೇಗಿದಾನೋ?”

“ಯಾವ ಬಬ್ಲು?” ಎಂದರು ಗೆಳೆಯರು.

“ಅಯ್ಯೋ, ನಿಮ್ಗೆ ಗೊತ್ತೇ ಇಲ್ವಾ? ಇವನ ತಮ್ಮ!”

ಕ್ಯಾಪ್ಟನ್ ಬಾಯಲ್ಲಿದ್ದ ಬ್ರೆಡ್ಡು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. “ಹ್ಞೂಂ... ಇದಾನೆ. ಅಂದ್ರೆ, ಚಿಕ್ಕಮ್ಮನ ಮನೇಲಿದ್ದ. ಈಗ ಬಂದಿದಾನೆ,” ಎಂದ.

ಅಂದಿನಿಂದ ಪಿಟೀಲಿಗೆ ಹಬ್ಬ. ಬಬ್ಲುಗೆ ಹಲ್ಲು ಎಷ್ಟು, ಬಬ್ಲು ಅಣ್ಣನ ಹಾಗೇ ಗೊರಕೆ ಹೊಡೀತಾನಾ, ಬಬ್ಲುಗೆ ಬೆಕ್ಕು ಕಂಡರೆ ಭಯಾನಾ ಅಂತ ಬಿಡುವು ಸಿಕ್ಕಾಗಲೆಲ್ಲ ಕೇಳಿದಳು. ಕ್ಯಾಪ್ಟನ್ ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಕಟ್ಟುತ್ತಾ ಹೋದ. ಅವಳ ಬಾಯಿ ಮುಚ್ಚಿಸಲು ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟ. ಅವಳ ಬ್ಯಾಗನ್ನೂ ಹೊತ್ತ. ಬುಧವಾರ ಸಾಕಾಗಿ ಹೋಗಿ, “ಅವನಿಗೆ ಜೋರು ಜ್ವರ ಕಣೇ! ಮಾತೂ ಆಡ್ತಿಲ್ಲ, ಏನೂ ಮಾಡ್ತಿಲ್ಲ. ಇನ್ನು ಕೇಳ್ಬೇಡ!” ಎಂದುಬಿಟ್ಟ.

ಅದನ್ನು ಕನ್ನಡಕ ಅಂತ ಎಲ್ಲರೂ ಕರೆಯುತ್ತಿದ್ದ ಹುಡುಗಿ ಕೇಳಿಸಿಕೊಂಡಳು. ಮುಂದಿನ ಬೆಂಚಿನ ಕನ್ನಡಕ ಎಂಥವಳೆಂದರೆ, ಇರುವೆ ನೀರಿಗೆ ಬಿದ್ದರೂ ಕಡ್ಡಿ ಒಡ್ಡಿ ಮೇಲೆತ್ತುತ್ತಿದ್ದಳು.

ಗುರುವಾರ ಬೆಳಿಗ್ಗೆ ಅವಳು ದಪ್ಪ ಕಾಗದದ ದೊಡ್ಡ ಕಾರ್ಡು ಮಾಡಿಕೊಂಡು ಬಂದಳು. ಮೇಲೆ ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡ ಕರಡಿ. ಕೆಳಗೆ ‘ಬಬ್ಲು, ಬೇಗ ಹುಷಾರಾಗು.’ ಮೂವತ್ತನಾಲ್ಕು ಜನರೂ ಸಹಿ ಹಾಕಿದರು. ಪಿಟೀಲು ಕೂಡ ಹಾಕಿದಳು. ಕೊನೆಗೆ ಮಿಸ್ ಕೂಡ ಸಹಿ ಹಾಕಿ, “ಪಾಪ, ಪುಟ್ಟ ಮಗು. ಶನಿವಾರ ಪೇರೆಂಟ್ಸ್ ಮೀಟಿಂಗ್ ಇದೆಯಲ್ಲ, ನಾನೇ ಇವನ ಅಮ್ಮನ ಕೈಗೆ ಕೊಡ್ತೀನಿ,” ಎಂದು ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಕ್ಯಾಪ್ಟನ್ ಮುಖ ಸುಣ್ಣ ಬಳಿದ ಗೋಡೆಯಾಯಿತು.

ಆ ಸಂಜೆ ಪಿಟೀಲು ಅಂಗಡಿಗೆ ಬಂದವಳೇ ಅಪ್ಪನಿಗೆ ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ನಕ್ಕಳು. ಅಪ್ಪ ನಗಲಿಲ್ಲ. ರೈಲಿನ ತಳ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ನೋಡುತ್ತಿದ್ದರು.

“ಹಲ್ಲುಚಕ್ರ ಒಂದು ಸವೆದಿದೆ,” ಎಂದರು. “ಬೀಳಿಸಿ ಕೆಟ್ಟಿದ್ದಲ್ಲ. ಓಡಿಸಿ ಓಡಿಸಿ ಸವೆದಿರೋದು. ಇಲ್ಲಿ ನೋಡು, ಗಾಲಿಗೆ ಹನಿ ಹನಿಯಾಗಿ ಎಣ್ಣೆ ಬಿಟ್ಟಿದಾನೆ. ಇದ್ರ ಮೇಲೆ ಪ್ರಾಣ ಇಟ್ಕೊಂಡಿರೋ ಹುಡುಗ.”

ಪಿಟೀಲು ಇಣುಕಿ ನೋಡಿದಳು. ಚಕ್ರದ ಹಲ್ಲುಗಳು ಮುದುಕರ ಹಲ್ಲಿನಂತೆ ಮೊಂಡಾಗಿದ್ದವು. ಅವಳಿಗೆ ಯಾಕೋ ಮುಂದೆ ನಗಲು ಆಗಲಿಲ್ಲ.

ಶುಕ್ರವಾರ ಕ್ಯಾಪ್ಟನ್ ಅಂಗಡಿಗೆ ಬಂದ. ಜಗಳಕ್ಕೆ ಬಂದಿರಬೇಕೆಂದು ಪಿಟೀಲು ಸ್ಟೂಲಿನಿಂದ ಇಳಿದು ನಿಂತಳು. ಆದರೆ ಅವನು ಮೇಜಿನ ಅಂಚಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತಾ ನಿಂತ.

“ನಾಳೆ ಅಮ್ಮ ಬರ್ತಾರೆ,” ಎಂದ. “ಟೀಮಿನವರೂ ಇರ್ತಾರೆ. ಏನಾದ್ರೂ ಮಾಡೇ, ಪ್ಲೀಸ್.”

“ಫೋನಲ್ಲಿ ಗೇಮ್ ಇದೆ ಅಂದಿದ್ದೆ?”

“ಇದೆ. ಅದನ್ನೂ ಆಡ್ತೀನಿ. ಆದ್ರೆ ಅದ್ರಲ್ಲಿ ಎಲ್ಲ ಅವರೇ ಮಾಡಿಟ್ಟಿರ್ತಾರೆ ಕಣೇ. ಇದಾದ್ರೆ ಸ್ಟೇಷನ್ ಎಲ್ಲಿಡ್ಬೇಕು, ಸೇತುವೆ ಎಲ್ಲಿ ಕಟ್ಬೇಕು, ಎಲ್ಲಾ ನಾನೇ.” ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ಅವನ ಕಿವಿ ಕೆಂಪಾಯಿತು. “ಹೋಗ್ಲಿ ಬಿಡು,” ಎಂದು ಹೊರಟುಹೋದ.

ಪಿಟೀಲು ಮತ್ತೆ ಸ್ಟೂಲು ಹತ್ತಿ, ಅವನು ತಿರುವು ದಾಟುವವರೆಗೂ ನೋಡಿದಳು.

ಶನಿವಾರ ಕ್ಲಾಸು ತುಂಬಿತ್ತು. ಅಪ್ಪ ಅಮ್ಮಂದಿರು ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಚಿ ಹೇಗೋ ಹಿಡಿಸಿಕೊಂಡು ಕೂತಿದ್ದರು. ಮಕ್ಕಳು ಗೋಡೆ ಪಕ್ಕ ಸಾಲಾಗಿ ನಿಂತಿದ್ದರು. ಮಿಸ್ ಬೀರು ತೆರೆದು ಕಾರ್ಡು ತೆಗೆದರು.

“ತಗೊಳ್ಳಿ, ಇದು ಮಕ್ಕಳು ಮಾಡಿದ್ದು. ನಿಮ್ಮ ಚಿಕ್ಕ ಮಗ ಈಗ ಹೇಗಿದಾನೆ?”

ಕ್ಯಾಪ್ಟನ್ ಅಮ್ಮ ಹಿಂದೆ ತಿರುಗಿ ನೋಡಿದರು. ಹಿಂದೆ ಗೋಡೆ ಮಾತ್ರ ಇತ್ತು. “ನನ್ನನ್ನಾ ಕೇಳಿದ್ದು? ಯಾವ ಚಿಕ್ಕ ಮಗ?”

“ಬಬ್ಲು.”

“ಯಾವ ಬಬ್ಲು?”

ಕನ್ನಡಕ ತನ್ನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಕ್ಯಾಪ್ಟನ್ ತನ್ನ ಶೂಗಳ ಒಳಗೆ ಇಳಿದುಬಿಡುವಂತೆ ತಲೆ ತಗ್ಗಿಸಿದ್ದ.

“ಮಿಸ್, ಬಬ್ಲು ಅಂದ್ರೆ ರೈಲು!” ಎಂದು ಯಾರೋ ಕಿರುಚಿದರು. ಅದು ತನ್ನದೇ ದನಿ ಎಂದು ಪಿಟೀಲಿಗೆ ಆಮೇಲೆ ಗೊತ್ತಾಯಿತು.

“ಏನು?”

“ಆಟದ ರೈಲು, ಮಿಸ್. ನಂದು. ಅದು ಕೆಟ್ಟಿತ್ತು, ಅದಕ್ಕೇ ಜ್ವರ ಅಂತ... ಇವನು ಸುಮ್ನೆ ಹೇಳಿದ್ದು. ನಾನೇ ಹೇಳಿಸಿದ್ದು. ನನ್ನ ಹತ್ರ ರೈಲೂ ಇದೆ, ಬೋಲ್ಟಿನ ಗೊಂಬೆಗಳೂ ಇವೆ. ಹದಿನಾರು. ದಿನಾ ಆಡ್ತೀನಿ. ನಿನ್ನೇನೂ ಆಡಿದೀನಿ.” ಪಿಟೀಲು ಶುರುವಾದರೆ ನಿಲ್ಲುವುದುಂಟೇ. “ಅವರಲ್ಲಿ ಒಬ್ಬನಿಗೆ ಮದುವೆ ಕೂಡ ಗೊತ್ತಾಗಿದೆ.”

ಕ್ಲಾಸು ಒಮ್ಮೆಲೇ ಗೊಳ್ಳೆಂದಿತು. ಮಕ್ಕಳು ನಕ್ಕರು, ಬೆಂಚಿನಲ್ಲಿ ಸಿಕ್ಕಿಕೊಂಡಿದ್ದ ದೊಡ್ಡವರೂ ನಕ್ಕರು. ಪಿಟೀಲಿನ ಮುಖ ಬಿಸಿಯಾಯಿತು. ಕೆರೆದುಕೊಳ್ಳಲು ತಲೆಯ ಕಡೆ ಹೋದ ಕೈಯನ್ನು ಅವಳು ಬಲವಂತವಾಗಿ ಕೆಳಗೇ ಹಿಡಿದಳು.

“ಅವಳದಲ್ಲ,” ಎಂದ ಕ್ಯಾಪ್ಟನ್.

ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅವನು ಮೈದಾನದಲ್ಲಿ ಕೂಗುವ ಹಾಗೆ ಕೂಗಿದ, “ಅವಳದಲ್ಲ! ರೈಲು ನಂದು!”

ಎಲ್ಲರೂ ಸುಮ್ಮನಾದರು. ಟೀಮಿನ ಗೋಲ್‌ಕೀಪರ್ ಕಣ್ಣರಳಿಸಿ ಅವನನ್ನೇ ನೋಡಿದ.

“ಹಾರ್ನ್ ಹೊಡಿಯುತ್ತಾ?” ಎಂದು ಕೇಳಿದ ಗೋಲ್‌ಕೀಪರ್.

“ಹ್ಞಾಂ?”

“ರೈಲು. ಹಾರ್ನ್ ಹೊಡಿಯುತ್ತಾ?”

“ಹೊಡಿಯುತ್ತೆ. ಎರಡು ಥರ.”

“ಬೋಗಿ ಎಷ್ಟು?” ಎಂದು ಇನ್ಯಾರೋ ಕೇಳಿದರು.

ಕ್ಯಾಪ್ಟನ್ ಅಮ್ಮನಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿ, ಕಾರ್ಡಿನಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದರು. “ನಂಗೆ ಗೊತ್ತಾಗ್ದೇ ನಂಗೊಂದು ಮಗು ಹುಟ್ಸಿದ್ಯಲ್ಲೋ!” ಎಂದರು.

ಮಿಸ್ ಮಾತ್ರ ನಗು ತಡೆದುಕೊಂಡು ಹುಬ್ಬು ಗಂಟಿಕ್ಕಿದರು. ಇಬ್ಬರೂ ಸೋಮವಾರ ಕನ್ನಡಕಕ್ಕೆ ಒಂದು ಕ್ಷಮಾಪಣೆ ಪತ್ರ ಬರೆದು ತರಬೇಕು, ಒಂದು ಪುಟಕ್ಕೆ ಕಡಿಮೆಯಿಲ್ಲದಂತೆ ಎಂದರು. ಕನ್ನಡಕ ಮೂಗೇರಿಸಿ, “ಎರಡು ಪುಟ,” ಎಂದಳು.

ಸಂಜೆ ಅಪ್ಪ ರೈಲನ್ನು ಪಿಟೀಲಿನ ಕೈಗೆ ಕೊಟ್ಟು, “ಹೊಸ ಚಕ್ರ ಹಾಕಿದೀನಿ. ನೀನೇ ಹೋಗಿ ಕೊಟ್ಟು ಬಾ,” ಎಂದರು.

ಕ್ಯಾಪ್ಟನ್ ಮನೆ ಮೂರನೇ ಮಹಡಿಯಲ್ಲಿತ್ತು. ಅವನೇ ಬಾಗಿಲು ತೆರೆದ. ಮೀಟಿಂಗ್ ಮುಗಿಸಿ ಅಮ್ಮ ಕೆಲಸಕ್ಕೆ ಹೋಗಿದ್ದರು. ಮನೆಯೊಳಗೆ ಗಡಿಯಾರದ ಟಿಕ್ ಟಿಕ್ ಬಾಗಿಲಿನವರೆಗೂ ಕೇಳುತ್ತಿತ್ತು.

“ಅಮ್ಮ ಎಷ್ಟು ಹೊತ್ತಿಗೆ ಬರ್ತಾರೆ?”

“ಏಳಕ್ಕೆ. ದಿನಾ ಏಳಕ್ಕೇ.” ಅವನು ಬಾಗಿಲನ್ನು ಪೂರ್ತಿ ತೆರೆದ. “ನೋಡ್ತೀಯಾ?”

ಅವನ ಕೋಣೆಯ ನೆಲದ ತುಂಬ ಹಳಿ. ಮಂಚದ ಕೆಳಗೆ ನುಗ್ಗಿ, ಮೇಜಿನ ಕಾಲು ಬಳಸಿ, ಕಿಟಕಿಯ ಕೆಳಗೆ ರಟ್ಟಿನ ಸೇತುವೆಯ ಮೇಲೆ ತಿರುಗುತ್ತಿತ್ತು. ಸುತ್ತ ಟೂತ್‌ಪೇಸ್ಟ್ ಡಬ್ಬಗಳು, ಬೆಂಕಿಪೊಟ್ಟಣಗಳು, ಅವುಗಳಿಗೆ ಪೆನ್ನಿನಲ್ಲಿ ಬರೆದ ಕಿಟಕಿಗಳು.

“ನೀನು ಸೇತುವೆ ಹತ್ರ ಕೂತ್ಕೋ,” ಎಂದ ಕ್ಯಾಪ್ಟನ್. “ಆ ತಿರುವಲ್ಲಿ ಯಾವಾಗ್ಲೂ ಬೀಳುತ್ತೆ. ಇಲ್ಲಿ ಬಿಟ್ಟು, ನಾನೇ ಅಲ್ಲಿಗೆ ಓಡಿ ಹೋಗಿ ಹಿಡೀಬೇಕು. ಅರ್ಧ ಸಲ ಸಿಗಲ್ಲ.”

ಪಿಟೀಲು ಕೂತಳು.

“ಕೂತ್ರೆ ಕಾಣಲ್ಲ. ಮಲಗು.”

ಅವಳು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದಳು. ಅಲ್ಲಿಂದ ನೋಡಿದರೆ ಡಬ್ಬಗಳು ಡಬ್ಬಗಳಾಗಿರಲಿಲ್ಲ. ಎತ್ತರದ ಮನೆಗಳು, ಉದ್ದನೆಯ ಬೀದಿ, ದೂರದಲ್ಲೊಂದು ಸ್ಟೇಷನ್. ಅದರಾಚೆ, ಮಂಚದ ಕೆಳಗಿನ ಕತ್ತಲಲ್ಲಿ, ಕ್ಯಾಪ್ಟನ್‌ನ ಒಂದು ಕಣ್ಣು.

“ರೆಡಿನಾ?” ಎಂದಿತು ದೂರದ ದನಿ.

ಸೇತುವೆಯ ಪಕ್ಕ ನೆಲ ತಣ್ಣಗಿತ್ತು. ಬಬ್ಲು ಅಂತ ಒಬ್ಬ ನಿಜವಾಗಿ ಇದ್ದಿದ್ದರೆ ಮಲಗುತ್ತಿದ್ದ ಜಾಗ ಇದೇ ಇರಬೇಕು ಅಂತ ಪಿಟೀಲಿಗೆ ಅನ್ನಿಸಿತು.

ಪುಟ್ಟ ದೀಪವೊಂದು ಕತ್ತಲಿನಿಂದ ಹೊರಟು ಅವಳ ಕಡೆಗೇ ಬರತೊಡಗಿತು. ಅವಳು ತಿರುವಿನ ಬಳಿ ಎರಡೂ ಕೈ ಒಡ್ಡಿ ಕಾದಳು.